ಶರಬತ್ತಿನ ಲೋಟ, ಜ್ಯೂಸಿನ ಡೋಸು

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ ಕಡೆಯ ಕಾಫಿ ತೋಟಗಳ ಬೇಲಿಯ ಮೇಲೆ ಒಂದು ಬಳ್ಳಿ ಹಬ್ಬುತ್ತದೆ. ಅದರ ಕಾಯಿ ಕೋಳಿಮೊಟ್ಟೆಯ ಗಾತ್ರದ್ದು. ಹಣ್ಣಾದಾಗ ನೇರಳೆಯೋ ಹಳದಿಯೋ ಆಗಿ, ಸಿಪ್ಪೆ ಸುಕ್ಕುಗಟ್ಟುತ್ತದೆ. ಒಡೆದರೆ ಕಪ್ಪು ಬೀಜಗಳ ಸುತ್ತ ಹುಳಿ ಮತ್ತು ಸಿಹಿ ಬೆರೆತ ರಸ. ಪೇಟೆಯ ಅಂಗಡಿಗಳಲ್ಲಿ ಇದಕ್ಕೆ ಪ್ಯಾಶನ್ ಫ್ರೂಟ್ ಎಂಬ ಹೆಸರಿದೆ. ನಮ್ಮ ಮಲೆನಾಡಿನ ಜನ ಮಾತ್ರ ಇದನ್ನು ಶರಬತ್ ಹಣ್ಣು ಎಂದೇ ಕರೆಯುತ್ತಾರೆ. ದಕ್ಷಿಣ ಅಮೆರಿಕದಿಂದ ಬಂದ ಬಳ್ಳಿಗೆ ಅರಬ್ಬಿ ಮೂಲದ ಹೆಸರು, ಅದು ಹಬ್ಬಿದ್ದು ಕನ್ನಡದ ಬೇಲಿಗೆ. ಈ ಹೆಸರನ್ನು ಯಾವ ಸಮಿತಿಯೂ ಇಟ್ಟದ್ದಲ್ಲ. ಮನೆಗೆ ಬಂದವರಿಗೆ ಇದರಿಂದ ಏನು ಮಾಡಿ ಕೊಡುತ್ತಿದ್ದರೋ ಅದೇ ಹಣ್ಣಿನ ಹೆಸರಾಯಿತು.

ಈಚೆಗೆ ಅದೇ ಊರಿನ ಮನೆಗಳಲ್ಲಿ ಬೆಳಗಿನ ಹೊತ್ತು ಬೇರೊಂದು ಸದ್ದು ಕೇಳುತ್ತದೆ. ಜ್ಯೂಸರ್ ತಿರುಗುವ ಸದ್ದು. ಬೂದುಗುಂಬಳ, ಹಾಗಲ, ಸೋರೆ, ಕ್ಯಾರೆಟ್, ಬೀಟ್‌ರೂಟ್, ನೆಲ್ಲಿ ಎಲ್ಲವೂ ಅದರೊಳಗೆ ಹೋಗಿ ಹಸಿರೋ ಕೆಂಪೋ ನೀರಾಗಿ ಹೊರಬರುತ್ತವೆ. ಮನೆಯ ಹಿರಿಯರೊಬ್ಬರು ಮೂಗು ಮುರಿಯುತ್ತಾ ಅದನ್ನು ಬರಿಹೊಟ್ಟೆಯಲ್ಲಿ ಕುಡಿಯುತ್ತಾರೆ. ಹೆಸರೂ ಬದಲಾಗಿದೆ. ಅದು ಶರಬತ್ತಲ್ಲ, ಪಾನಕವಲ್ಲ, ಜ್ಯೂಸು. ಇನ್ನೂ ಸರಿಯಾಗಿ ಹೇಳಬೇಕೆಂದರೆ ಡೋಸು.

ಮನೆಯಲ್ಲಿ ತಾಜಾ ಹಣ್ಣು ತರಕಾರಿಯ ರಸ ತೆಗೆಯುವುದು ಒಳ್ಳೆಯದೇ ಕೆಟ್ಟದ್ದೇ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ವೈದ್ಯರಿಗೆ ಬಿಡಲಾಗುತ್ತದೆ. ವೈದ್ಯರು ಹೇಳಬೇಕಾದ್ದು ಇದೆ, ಅದನ್ನು ಮುಂದೆ ನೋಡೋಣ. ಕತೆ ಬರೆಯುವ ನಮಗೆ ಅದಕ್ಕಿಂತ ಮೊದಲು ಕಾಣುವುದು, ಮನೆಯ ಒಂದು ಲೋಟ ರಸ ಯಾರನ್ನು ಉದ್ದೇಶಿಸಿ ತಯಾರಾಗುತ್ತಿತ್ತು, ಈಗ ಯಾರನ್ನು ಉದ್ದೇಶಿಸಿ ತಯಾರಾಗುತ್ತಿದೆ ಎಂಬುದು. ಶರಬತ್ತಿಗೂ ಡೋಸಿಗೂ ಇರುವ ವ್ಯತ್ಯಾಸ ಸಕ್ಕರೆಯದ್ದಷ್ಟೇ ಅಲ್ಲ.

ಪಾಕಶಾಸ್ತ್ರದಿಂದ ಔಷಧದ ಚೀಟಿಗೆ

ಕುಡಿಯುವ ರಸದ ಬಗ್ಗೆ ಕನ್ನಡದಲ್ಲಿ ಬರೆದವರು ಇಂದಿನವರೇ ಮೊದಲಲ್ಲ. 16ನೇ ಶತಮಾನದ ಆರಂಭದಲ್ಲಿದ್ದ ಜೈನ ಕವಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ ಎಂಬ ಅಡುಗೆಯ ಕಾವ್ಯವನ್ನೇ ವಾರ್ಧಕ ಷಟ್ಪದಿಯಲ್ಲಿ ಬರೆದ. ಅದರಲ್ಲಿ ಪಾನಕಗಳಿಗೆಂದೇ ಒಂದು ಅಧ್ಯಾಯವಿದೆ. ಅಡುಗೆಯನ್ನು ಛಂದಸ್ಸಿನಲ್ಲಿ ಹೇಳಬಹುದು, ಪಾನಕವೂ ಕಾವ್ಯಕ್ಕೆ ತಕ್ಕ ವಸ್ತು ಎಂದು ಆ ಕವಿಗೆ ಅನ್ನಿಸಿತ್ತು. ಇತ್ತ ಯುನಾನಿ ಪರಂಪರೆಯ ಹಕೀಮರಿಗೂ ಶರಬತ್ತು ದೊಡ್ಡ ವಿಷಯವೇ ಆಗಿತ್ತು. ಪಾರಸಿಯಲ್ಲಿ ಸಿರ್ಕಾ ಎಂದರೆ ಹುಳಿರಸ, ಅಂಗಬೀನ್ ಎಂದರೆ ಜೇನು. ಎರಡೂ ಸೇರಿ ಸಿಕಂಜಬೀನ್ ಆಯಿತು, ಉತ್ತರದ ಬೀದಿಗಳಲ್ಲಿ ಶಿಕಂಜಿ ಆಯಿತು. ದೆಹಲಿಯ ಹಕೀಮ್ ಹಾಫಿಜ್ ಅಬ್ದುಲ್ ಮಜೀದ್ ತಯಾರಿಸಿದ ರೂಹ್ ಅಫ್ಜಾ ಕೂಡ ಮೊದಲಿಗೆ ಬೇಸಿಗೆಯ ದಾಹಕ್ಕೆ ಹಕೀಮರ ಅಂಗಡಿಯಲ್ಲಿ ಹುಟ್ಟಿದ ಶರಬತ್ತು. ಮುಂದೆ ಅದು ಧರ್ಮದ ಗೆರೆಯನ್ನು ದಾಟಿ ಎಲ್ಲರ ಮನೆಯ ಬಾಟಲಿಯಾಯಿತು.

ಹಾಗೆ ನೋಡಿದರೆ ಔಷಧಕ್ಕೂ ಪಾನೀಯಕ್ಕೂ ನಡುವೆ ಹಿಂದೆಯೂ ಗಟ್ಟಿ ಗೋಡೆ ಇರಲಿಲ್ಲ. ಆದರೆ ಔಷಧ ಮನೆಯೊಳಗೆ ಬಂದು ಆತಿಥ್ಯವಾಗುತ್ತಿತ್ತು. ಈಗ ಆತಿಥ್ಯ ಔಷಧವಾಗಿದೆ. ಈ ತಿರುವಿಗೆ ಒಂದು ಹೊರಗಿನ ಚರಿತ್ರೆಯೂ ಇದೆ. ಅಮೆರಿಕದ ನಾರ್ಮನ್ ವಾಕರ್ 1936ರಲ್ಲಿ ಹಸಿ ತರಕಾರಿ ರಸಗಳ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಇಂಥ ರೋಗಕ್ಕೆ ಇಂಥ ರಸ ಎಂಬ ಪಟ್ಟಿ ಹಾಕುವ ಬರವಣಿಗೆಗೆ ಅಲ್ಲಿಂದ ದೊಡ್ಡ ಬಲ ಬಂತು. ರಸ ಹಿಂಡುವ ಯಂತ್ರವೂ ಅವನ ಹೆಸರಿನಲ್ಲೇ ಮಾರಾಟವಾಯಿತು. ಪುಸ್ತಕ ಮತ್ತು ಯಂತ್ರ ಒಂದನ್ನೊಂದು ಮಾರುವ ಆ ಜೋಡಿ ಇವತ್ತಿಗೂ ಮುರಿದಿಲ್ಲ. ಪುಸ್ತಕದ ಜಾಗಕ್ಕೆ ಬೆಳಗಿನ ಟಿವಿ ಕಾರ್ಯಕ್ರಮ ಬಂದಿದೆ, ಮೊಬೈಲಿನ ವಿಡಿಯೋ ಬಂದಿದೆ, ಅಷ್ಟೇ.

ಈ ಬರವಣಿಗೆಯ ಕ್ರಿಯಾಪದಗಳನ್ನು ಗಮನಿಸಿದರೆ ಸಾಕು, ಕಾಲ ಬದಲಾದದ್ದು ಗೊತ್ತಾಗುತ್ತದೆ. ಹಳೆಯ ಅಡುಗೆಯ ಮಾತು ಹಿಂಡುವುದು, ಸೋಸುವುದು, ಬೆರೆಸುವುದು ಎಂದು ಸಾಗಿ ಬಡಿಸುವುದರಲ್ಲಿ ಮುಗಿಯುತ್ತದೆ. ಬಡಿಸುವುದಕ್ಕೆ ಎದುರಿಗೆ ಒಬ್ಬರು ಇರಲೇಬೇಕು. ಹೊಸ ಜ್ಯೂಸಿನ ಮಾತು ಸೇವಿಸುವುದರಲ್ಲಿ ಮುಗಿಯುತ್ತದೆ. ಇಷ್ಟು ಗಂಟೆಗೆ, ಇಷ್ಟು ಮಿಲಿಲೀಟರ್, ಬರಿಹೊಟ್ಟೆಯಲ್ಲಿ, ಇಷ್ಟು ದಿನ. ಅಲ್ಲಿ ಇನ್ನೊಬ್ಬರಿಗೆ ಜಾಗವಿಲ್ಲ. ನಮ್ಮ ಕಾವ್ಯಮೀಮಾಂಸೆಯಲ್ಲಿ ರಸ ಎಂಬುದು ಸಹೃದಯನಿಲ್ಲದೆ ಹುಟ್ಟುವುದಿಲ್ಲ. ಅಡುಗೆಮನೆಯ ರಸದ ವಿಷಯದಲ್ಲೂ ನಮ್ಮ ಹಿರಿಯರು ಹೆಚ್ಚು ಕಡಿಮೆ ಹಾಗೆಯೇ ನಡೆದುಕೊಂಡಿದ್ದರು.

ಈ ವಿಷಯದಲ್ಲಿ ನಮ್ಮ ಸಮುದಾಯವೇನೂ ಹಿಂದೆ ಬಿದ್ದಿಲ್ಲ. ತಿಬ್ಬೆ ನಬವಿ ಎಂಬ ಪವಿತ್ರ ಹೆಸರನ್ನು ಅಂಟಿಸಿಕೊಂಡು ಎಷ್ಟೋ ಬಾಟಲಿಗಳು ಮಸೀದಿಯ ಗೇಟಿನ ಹೊರಗೆ ಮಾರಾಟವಾಗುತ್ತವೆ. ಎಲ್ಲ ಕಾಯಿಲೆಗೂ ಒಂದೇ ಬಾಟಲಿ. ನಮ್ಮ ಹದೀಸ್ ಸಂಗ್ರಹಗಳಲ್ಲಿ ಪಾನೀಯದ ಬಗ್ಗೆ ಇರುವ ಮಾತುಗಳನ್ನು ಓದಿದವರಿಗೆ ಅಲ್ಲಿ ಎದ್ದು ಕಾಣುವುದು ಬೇರೆಯೇ ಸಂಗತಿ. ಯಾವ ದಾನ ಶ್ರೇಷ್ಠ ಎಂದು ಕೇಳಿದ ಸಂಗಾತಿಗೆ ಪ್ರವಾದಿಯವರು ಕೊಟ್ಟ ಉತ್ತರ ನೀರು ಎಂಬುದಾಗಿತ್ತು. ಖರ್ಜೂರವನ್ನೋ ಒಣದ್ರಾಕ್ಷಿಯನ್ನೋ ನೀರಿನಲ್ಲಿ ನೆನೆಹಾಕಿ ತಯಾರಿಸುವ ನಬೀಜ್ ಎಂಬ ಪಾನೀಯವನ್ನು ಅವರು ಕುಡಿಯುತ್ತಿದ್ದರು. ಆದರೆ ಅದನ್ನು ಹೆಚ್ಚು ದಿನ ಇಡುತ್ತಿರಲಿಲ್ಲ. ಮೂರನೆಯ ದಿನ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿಬಿಡುತ್ತಿದ್ದರು. ಸಿಹಿರಸ ಇಟ್ಟಷ್ಟೂ ಹುಳಿಯುತ್ತದೆ, ಹುಳಿತದ್ದು ಅಮಲಾಗುತ್ತದೆ. ತಾಜಾ ಎಂಬುದು ನಮಗೆ ರುಚಿಯ ಮಾತಷ್ಟೇ ಅಲ್ಲ, ಹಲಾಲಿನ ಮಾತೂ ಹೌದು. ಕೂಡಿಡಲಾಗದ ವಸ್ತುವನ್ನು ಏನು ಮಾಡಬೇಕು? ಬೇಗ ಹಂಚಬೇಕು.

ಹಿಪ್ಪೆ ಯಾರಿಗೆ?

ಇನ್ನು ಆರೋಗ್ಯದ ಮಾತು. ಡೋಸಿನವರ ದೊಡ್ಡ ವಾದ ಅದೇ ಆದ್ದರಿಂದ ಅದನ್ನು ಅವರ ನೆಲದಲ್ಲೇ ಪರೀಕ್ಷಿಸಬೇಕು.

ಒಂದು ಲೋಟ ಕಿತ್ತಳೆ ರಸಕ್ಕೆ ಮೂರೋ ನಾಲ್ಕೋ ಹಣ್ಣು ಬೇಕು. ಒಬ್ಬರೇ ಕೂತು ನಾಲ್ಕು ಕಿತ್ತಳೆ ಸುಲಿದು ತಿನ್ನಲು ಕಾಲು ಗಂಟೆಯಾದರೂ ಬೇಕು, ಎರಡನೆಯದಕ್ಕೇ ಹೊಟ್ಟೆ ಸಾಕೆನ್ನುತ್ತದೆ. ರಸವಾದರೆ ಒಂದೇ ಉಸಿರಿಗೆ ಇಳಿಯುತ್ತದೆ. 200 ಮಿಲಿಲೀಟರ್ ರಸದಲ್ಲಿ ಸುಮಾರು 16ರಿಂದ 20 ಗ್ರಾಂ ಸಕ್ಕರೆ ಇರುತ್ತದೆ. ನಾವು ಒಂದು ಚಮಚವನ್ನೂ ಹಾಕದಿದ್ದರೂ ಇರುತ್ತದೆ. ಹಣ್ಣಿನೊಳಗೆ ಆ ಸಕ್ಕರೆಯನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವುದು ನಾರು ಮತ್ತು ತಿರುಳಿನ ಕೆಲಸ. ಜ್ಯೂಸರ್ ಅದನ್ನೇ ಹಿಪ್ಪೆ ಎಂದು ಹೊರಗೆ ತಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಜೇನು, ಪಾಕ ಮತ್ತು ಹಣ್ಣಿನ ರಸದಲ್ಲಿರುವ ಸಕ್ಕರೆಯನ್ನು ನಾವು ಕೈಯಾರೆ ಹಾಕುವ ಸಕ್ಕರೆಯ ಲೆಕ್ಕಕ್ಕೇ ಸೇರಿಸಿತು. ಇಡೀ ಹಣ್ಣಿನ ಸಕ್ಕರೆಯನ್ನು ಸೇರಿಸಲಿಲ್ಲ. ಈ ಲೆಕ್ಕದ ಸಕ್ಕರೆ ದಿನದ ಒಟ್ಟು ಆಹಾರಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂದಿತು. ಶೇ. 5 ಎಂದರೆ ಸುಮಾರು 25 ಗ್ರಾಂ, ಆರು ಚಮಚ. ಕ್ಯಾರೆಟ್, ಬೀಟ್‌ರೂಟ್, ಸೇಬು ಸೇರಿದ ಒಂದು ದೊಡ್ಡ ಲೋಟದಲ್ಲೇ ಆ ಮಿತಿ ಹೆಚ್ಚು ಕಡಿಮೆ ಮುಗಿದುಹೋಗುತ್ತದೆ.

2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಮೆರಿಕದ ಒಂದು ಅಧ್ಯಯನ ಸುಮಾರು 1,87,000 ಜನರನ್ನು ವರ್ಷಾನುಗಟ್ಟಲೆ ಗಮನಿಸಿತ್ತು. ದ್ರಾಕ್ಷಿ, ಸೇಬಿನಂಥ ಹಣ್ಣುಗಳನ್ನು ಇಡಿಯಾಗಿ ಹೆಚ್ಚು ತಿನ್ನುವವರಲ್ಲಿ ಎರಡನೇ ಬಗೆಯ ಸಕ್ಕರೆ ಕಾಯಿಲೆ ಕಡಿಮೆ ಕಂಡಿತು. ಹಣ್ಣಿನ ರಸವನ್ನು ಹೆಚ್ಚು ಕುಡಿಯುವವರಲ್ಲಿ ಹೆಚ್ಚು ಕಂಡಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯ ಒಲವೂ ರಸಕ್ಕಿಂತ ಇಡೀ ಹಣ್ಣಿನ ಕಡೆಗೇ ಇದೆ. ನಮ್ಮ ಮನೆಗಳಲ್ಲಿ ಹಿಪ್ಪೆ ಹೋಗುವುದು ದನದ ಬಾನಿಗೆ. ನಾರು ದನಕ್ಕೆ, ಸಕ್ಕರೆ ಯಜಮಾನರಿಗೆ. ಇಬ್ಬರಲ್ಲಿ ಜಾಣರು ಯಾರು ಎಂದು ಬಿಡಿಸಿ ಹೇಳಬೇಕಿಲ್ಲ.

ಸಿಹಿಯಿಲ್ಲದ ತರಕಾರಿ ರಸವಾದರೆ ನಿರಪಾಯವೇ? ಸೋರೆಕಾಯಿಯ ಕತೆಯನ್ನು ನೋಡಬೇಕು. 2010ರಲ್ಲಿ ದೆಹಲಿಯಲ್ಲಿ ಕಹಿ ರಸ ಕುಡಿದು ವಿಜ್ಞಾನಿಯೊಬ್ಬರು ಸತ್ತ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿಯನ್ನು ನೇಮಿಸಿತು. ಸೋರೆಕಾಯಿ ಕೆಲವೊಮ್ಮೆ ಕಹಿಯಾಗುತ್ತದೆ. ಆ ಕಹಿಗೆ ಕಾರಣ ಕುಕರ್ಬಿಟಾಸಿನ್ ಎಂಬ ವಿಷವಸ್ತು. ವಾಂತಿ, ರಕ್ತವಾಂತಿ, ರಕ್ತದೊತ್ತಡದ ಕುಸಿತ, ಕೆಲವರಲ್ಲಿ ಸಾವು. ಸಮಿತಿಯ ಸಲಹೆ ಸರಳವಾಗಿತ್ತು: ಹಿಂಡುವ ಮೊದಲು ಒಂದು ಚೂರನ್ನು ಬಾಯಿಗಿಟ್ಟು ನೋಡಿ, ಕಹಿಯಿದ್ದರೆ ಎಸೆಯಿರಿ, ಬೇರೆ ರಸಗಳ ಜೊತೆ ಬೆರೆಸಬೇಡಿ. ನಮ್ಮ ಅಡುಗೆಮನೆಯ ಹೆಂಗಸರು ಸೋರೆಕಾಯಿ ಸಾರಿಗೆ ಹೆಚ್ಚುವಾಗ ತಲೆತಲಾಂತರದಿಂದ ಮಾಡಿಕೊಂಡು ಬಂದದ್ದೂ ಇದನ್ನೇ. ಆದರೆ ಕಹಿಯೇ ಔಷಧ ಎಂದು ನಂಬಿದ ಮೇಲೆ ನಾಲಿಗೆಯ ಎಚ್ಚರಿಕೆಯನ್ನು ಕೇಳುವವರು ಯಾರು? ಹಾಗಲದ ಜೊತೆ ಬೆರೆಸಿದರೆ ಸೋರೆಯ ಕಹಿ ಗೊತ್ತಾಗುವುದೂ ಇಲ್ಲ. ಪಾಲಕ್, ಬೀಟ್‌ರೂಟ್‌ಗಳಲ್ಲಿ ಆಕ್ಸಲೇಟ್ ಹೆಚ್ಚು. ದಿನವೂ ರಾಶಿಗಟ್ಟಲೆ ಹಸಿಯಾಗಿ ಹಿಂಡಿ ಕುಡಿದರೆ ಕಲ್ಲಿನ ತೊಂದರೆ ಇದ್ದವರ ಮೂತ್ರಪಿಂಡಕ್ಕೆ ಅದು ಹೊರೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ರಸಕ್ಕೆ ಅದರದ್ದೇ ಆದ ಹೊತ್ತುಗಳಿವೆ. ಹಲ್ಲಿಲ್ಲದ ಮುದುಕರಿಗೆ, ಜ್ವರ ಬಿಟ್ಟು ಬಾಯಿ ರುಚಿಸದವರಿಗೆ, ಬಿಸಿಲಲ್ಲಿ ಕೆಲಸ ಮಾಡಿ ಬಂದವರಿಗೆ, ದಿನವಿಡೀ ರೋಜಾ ಇದ್ದವರಿಗೆ ಒಂದು ಲೋಟ ರಸ ಜೀವ ತರುತ್ತದೆ. ಬೀಟ್‌ರೂಟ್ ರಸ ರಕ್ತದೊತ್ತಡವನ್ನು ತುಸು ತಗ್ಗಿಸುವುದನ್ನು ಪ್ರಯೋಗಗಳು ತೋರಿಸಿವೆ. ಚಿಟಿಕೆ ಉಪ್ಪು ಹಾಕಿದ ಸಿಹಿ ಶರಬತ್ತು ದಣಿದ ದೇಹಕ್ಕೆ ಬೇಗ ಹಿಡಿಯುವುದಕ್ಕೂ ಕಾರಣವಿದೆ. ಕರುಳು ಸಕ್ಕರೆಯನ್ನು ಹೀರುವಾಗ ಉಪ್ಪನ್ನೂ ನೀರನ್ನೂ ಜೊತೆಗೆ ಹೀರುತ್ತದೆ. 1971ರ ಬಾಂಗ್ಲಾ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಬಡಿದಾಗ ಡಾ. ದಿಲೀಪ್ ಮಹಲನಬೀಸ್ ಸಾವಿರಾರು ಜೀವಗಳನ್ನು ಉಳಿಸಿದ್ದು ಈ ಸಕ್ಕರೆ ಉಪ್ಪಿನ ನೀರಿನಿಂದಲೇ. ಆದರೆ ಇವೆಲ್ಲ ಹೊತ್ತಿಗೆ ತಕ್ಕ ಲೋಟಗಳು. ಮಾತ್ರೆಗೆ ಬದಲಿಯಾದ ಲೋಟಗಳಲ್ಲ.

ಮಾತ್ರೆಗೆ ಬದಲಿಯಾದ ಲೋಟವನ್ನು ನಾವು ಹತ್ತಿರದಿಂದ ಕಂಡಿದ್ದೇವೆ. ಗೆಂಡೆಹಳ್ಳಿಯ ನಮ್ಮ ಭಾಯಿಜಾನ್‌ಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. 2021ರ ಕೊನೆಯಲ್ಲಿ ಯಾವುದೋ ಶಿಬಿರಕ್ಕೆ ಹೋಗಿ ಬಂದವರು ಮಾತ್ರೆ ನಿಲ್ಲಿಸಿ ರಸ ಶುರು ಮಾಡಿದರು. ಬೆಳಿಗ್ಗೆ ಆರಕ್ಕೆ ಬೂದುಗುಂಬಳ, ಹನ್ನೊಂದಕ್ಕೆ ಕ್ಯಾರೆಟ್ ಮತ್ತು ಸೇಬು, ಸಂಜೆ ಹಾಗಲ. ಮೊದಲ ತಿಂಗಳು ತೂಕ ಇಳಿಯಿತು, ಎಲ್ಲರೂ ಹೊಗಳಿದರು. ಅಂಗೈ ಹಳದಿಯಾದಾಗ ಕಾಮಾಲೆ ಎಂದು ಹೆದರಿದೆವು. ಅದು ಕ್ಯಾರೆಟ್‌ನ ಬಣ್ಣ ಚರ್ಮಕ್ಕೆ ಇಳಿದದ್ದು, ಅಪಾಯವಿಲ್ಲ ಎಂದು ವೈದ್ಯರು ನಕ್ಕರು. ಆದರೆ ರಕ್ತಪರೀಕ್ಷೆಯ ಚೀಟಿ ನೋಡಿ ಅವರ ನಗು ನಿಂತಿತು. ಸಕ್ಕರೆ 400 ದಾಟಿತ್ತು. ತೂಕ ಇಳಿದದ್ದೂ ಅದರಿಂದಲೇ. ಕಾಲಿನ ಒಂದು ಸಣ್ಣ ಗಾಯ ಮಾಯಲು ನಾಲ್ಕು ತಿಂಗಳು ಹಿಡಿಯಿತು.

ಆ ತಿಂಗಳುಗಳಲ್ಲಿ ನಾವು ಯಾರೂ ನೋಡದೆ ಹೋದದ್ದು ಭಾಬಿಯವರನ್ನು. ನಸುಕಿಗೇ ಎದ್ದು ತರಕಾರಿ ತೊಳೆದು ಹೆಚ್ಚುವುದು, ಮೂರು ಹೊತ್ತು ಯಂತ್ರ ಬಿಚ್ಚಿ ಹಲ್ಲುಜ್ಜುವ ಬ್ರಷ್ಷಿನಿಂದ ಜಾಲರಿ ತಿಕ್ಕುವುದು ಅವರ ಪಾಲಿಗೆ ಬಂದಿತ್ತು. ಜ್ಯೂಸಿನ ಗುಣಗಾನ ಮಾಡುವ ಯಾವ ಬರಹದಲ್ಲೂ ಜಾಲರಿ ತೊಳೆಯುವವರ ಪ್ರಸ್ತಾಪ ಬರುವುದಿಲ್ಲ. ಒಂದು ದಿನ ಭಾಬಿಯವರೇ ಹೇಳಿದರು: “ನಿಮ್ಮ ಅಣ್ಣ ಕುಡೀತಾರೆ, ದನ ತಿನ್ನುತ್ತೆ, ನಾನು ತೊಳೀತೀನಿ.” ಇಡೀ ಜ್ಯೂಸ್ ಸಂಸ್ಕೃತಿಯ ವಿಮರ್ಶೆ ಆ ಒಂದು ವಾಕ್ಯದಲ್ಲಿತ್ತು. ಅವರಿಗೆ ಒಂದು ಲೋಟ ಯಾರೂ ಕೊಟ್ಟಿರಲಿಲ್ಲ.

ಎಂಟನೇ ರೋಜಾ, ರಾಮನವಮಿ

ಈಗ ಇದೇ ಮನೆಯ ಹಳೆಯ ಲೋಟಗಳ ಕತೆಗೆ ಬರೋಣ. ಅದಕ್ಕೆ ಎರಡು ಪಂಚಾಂಗಗಳ ಲೆಕ್ಕ ಬೇಕು. ಹಿಜರಿ ವರ್ಷ ಪೂರ್ತಿ ಚಂದ್ರನದ್ದು, ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಹಾಗಾಗಿ ರಂಜಾನ್ ಎಲ್ಲ ಋತುಗಳನ್ನೂ ಸುತ್ತುತ್ತದೆ. ನಮ್ಮ ನಾಡಿನ ಪಂಚಾಂಗದ ತಿಂಗಳೂ ಚಂದ್ರನದ್ದೇ, ಆದರೆ ಅಧಿಕಮಾಸ ಸೇರಿಸಿ ಋತುವಿಗೆ ಹೊಂದಿಸುತ್ತಾರೆ. ಇದರಿಂದ ಸುಮಾರು 33 ವರ್ಷಕ್ಕೊಮ್ಮೆ, ಎರಡು ಮೂರು ವರ್ಷಗಳ ಮಟ್ಟಿಗೆ, ಚೈತ್ರವೂ ರಂಜಾನೂ ಒಂದೇ ಚಂದ್ರನ ಕೆಳಗೆ ಬರುತ್ತವೆ. ಹಾಗೆ ಬಂದಾಗ ಶುದ್ಧ ನವಮಿ, ಅಂದರೆ ರಾಮನವಮಿ, ಏಳನೆಯ ಅಥವಾ ಎಂಟನೆಯ ರೋಜಾಕ್ಕೆ ಬೀಳುತ್ತದೆ. ಪಾನಕದ ದಿನ ಮತ್ತು ಶರಬತ್ತಿನ ತಿಂಗಳು ಸಂಧಿಸುತ್ತವೆ.

1990ರ ಏಪ್ರಿಲ್‌ನಲ್ಲಿ ಹಾಗೆ ಬಂದಿತ್ತು. ನಾವು ಆಗ ಚಿಕ್ಕವರು. ಎದುರಿನ ಗೌಡರ ಮನೆಯ ಅಜ್ಜಿ ನಮ್ಮನ್ನು ಬೇಲಿಯ ಹತ್ತಿರ ಕರೆದು, ಬೆಲ್ಲ, ನಿಂಬೆ, ಏಲಕ್ಕಿ ಹಾಕಿದ ಪಾನಕದ ತಂಬಿಗೆಯನ್ನೂ, ಹೆಸರುಬೇಳೆಯ ಕೋಸಂಬರಿಯನ್ನೂ ಕೊಟ್ಟು ಹೇಳಿದ್ದು ಇವತ್ತಿಗೂ ನೆನಪಿದೆ: “ಒಪ್ಪೊತ್ತಿದೀಯೇನ್ ಮರಿ? ಮನೇಗ್ ತಗಂಡೋಗು, ಬಾಂಗ್ ಕೂಗಿದ್ಮೇಲೆ ಕುಡೀರಿ. ಪೂಜೆಗಿಡೋಕ್ ಮುಂಚೇನೇ ನಿಮ್ ಪಾಲು ಎತ್ತಿಟ್ಟಿದೀನಿ ಅಂತ ನಿಮ್ಮಮ್ಮಂಗೆ ಹೇಳು.” ಆ ಕೊನೆಯ ಮಾತಿನ ಅರ್ಥ ಆಗ ನಮಗೆ ತಿಳಿಯಲಿಲ್ಲ, ಅಮ್ಮಿಗೆ ತಿಳಿಯಿತು. ದೇವರ ಮುಂದೆ ಇಟ್ಟದ್ದನ್ನು ತೆಗೆದುಕೊಳ್ಳಲು ನಮ್ಮ ಮನೆಯವರಿಗೆ ಮುಜುಗರವಾದೀತು ಎಂದು ಆ ಮುದುಕಿ ತಾನೇ ಯೋಚಿಸಿ, ಯಾರೂ ಕೇಳದೆ, ಪಾಲು ಬೇರೆ ತೆಗೆದಿದ್ದರು. ಇತ್ತ ಅಮ್ಮಿಯ ಬಳಿ ಒಂದು ಹಿತ್ತಾಳೆಯ ಕೊಳಗವಿತ್ತು. ಅದರಲ್ಲಿ ಎಂದೂ ಮಾಂಸ ಬೇಯಿಸಿರಲಿಲ್ಲ. ಗೌಡರ ಮನೆಗೆ ಹೋಗುವ ಶರಬತ್ತು ಅದರಲ್ಲೇ ತಯಾರಾಗುತ್ತಿತ್ತು. ಬೇಲಿಯ ಶರಬತ್ ಹಣ್ಣು, ಸಕ್ಕರೆ, ನೆನೆದ ಕಾಮಕಸ್ತೂರಿ ಬೀಜ. ಎದುರು ಮನೆಯವರ ಮನಸ್ಸೂ ಆ ಎರಡು ಪಾಕಗಳಲ್ಲಿ ಒಂದೊಂದು ಸಾಮಗ್ರಿಯಾಗಿತ್ತು. ಯಾವ ಪಾಕಪುಸ್ತಕದಲ್ಲೂ ಅದನ್ನು ಬರೆದಿರುವುದಿಲ್ಲ.

ಬಾಬಯ್ಯನ ಹಬ್ಬವೆಂದು ಹಳೇ ಮೈಸೂರಿನ ಹಳ್ಳಿಗಳು ಕರೆಯುತ್ತಿದ್ದ ಮೊಹರಂನಲ್ಲೂ ಶರಬತ್ತು ಹಂಚಿಕೆಯಾಗುತ್ತಿತ್ತು. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ನೀರಿಲ್ಲದೆ ಸತ್ತವರ ನೆನಪಿಗೆ ದಾರಿಹೋಕರ ಬಾಯಾರಿಕೆ ತಣಿಸುವುದು ಅದರ ಅರ್ಥ. ಪಂಜಾ, ತಾಬೂತುಗಳ ಬಗ್ಗೆ ನಮ್ಮ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ಆ ಚರ್ಚೆ ಇಲ್ಲಿ ಬೇಡ. ಬಾಯಾರಿದವರಿಗೆ ಕುಡಿಯಲು ಕೊಡುವುದರ ಬಗ್ಗೆ ಯಾರಲ್ಲೂ ಭಿನ್ನಾಭಿಪ್ರಾಯ ಇರಲಾರದು.

ಚೈತ್ರ ಮತ್ತು ರಂಜಾನ್ ಮತ್ತೆ ಕೂಡಿದ್ದು 2021ರಿಂದ 2023ರವರೆಗೆ. 2022ರಲ್ಲಿ ಏಪ್ರಿಲ್ 3ಕ್ಕೆ ಮೊದಲ ರೋಜಾ, ಏಪ್ರಿಲ್ 10ಕ್ಕೆ ರಾಮನವಮಿ. ಸರಿಯಾಗಿ ಎಂಟನೇ ರೋಜಾ. ಆ ವಸಂತ ಹೇಗಿತ್ತು ಎಂಬುದು ಓದುಗರಿಗೆ ಗೊತ್ತು. ಹಿಜಾಬಿನ ವಿವಾದದ ಬಿಸಿ ಆರಿರಲಿಲ್ಲ, ಯುಗಾದಿಯ ಹೊತ್ತಿಗೆ ಹಲಾಲ್ ಮಾಂಸದ ವಿವಾದ ಎದ್ದಿತ್ತು, ಜಾತ್ರೆಗಳಲ್ಲಿ ಮುಸ್ಲಿಮರು ಅಂಗಡಿ ಇಡಬಾರದೆಂಬ ಕೂಗು ಹರಡಿತ್ತು. ಬೇಲೂರಿನ ಚೆನ್ನಕೇಶವ ರಥೋತ್ಸವದಲ್ಲಿ ಖಾಜಿಯೊಬ್ಬರು ಕುರ್‌ಆನ್ ಪಠಿಸುವ ಹಳೆಯ ಪದ್ಧತಿಗೂ ವಿರೋಧ ಬಂತು. ಆದರೂ ಆ ವರ್ಷ ಪಠಣ ನಡೆಯಿತು, ತೇರು ಎಳೆಯಲಾಯಿತು. ಬೇಲೂರಿನ ಜನ ಆ ಮಟ್ಟಿಗೆ ತಮ್ಮ ಹಿರಿಯರ ಮಾತನ್ನು ಉಳಿಸಿಕೊಂಡರು.

ನಮ್ಮ ಎರಡು ಮನೆಗಳ ನಡುವೆ ಏನಾಯಿತು? ಜಗಳವೇನೂ ಆಗಲಿಲ್ಲ. ರಾಮನವಮಿಯ ದಿನ ಪಾನಕ ಬರಲಿಲ್ಲ. ಹಿಂದಿನ ವರ್ಷ ಕೋವಿಡ್ ಭಯದಿಂದ ನಿಂತದ್ದು ಈ ವರ್ಷವೂ ಬರಲಿಲ್ಲ. ನಾವೂ ಶರಬತ್ತು ಕಳಿಸಲಿಲ್ಲ. ಎರಡು ದಿನದ ಮೇಲೆ ಬಸ್‌ಸ್ಟಾಪಿನಲ್ಲಿ ಸಿಕ್ಕ ಗೌಡರು, ಆ ಅಜ್ಜಿಯ ಮಗ, ತಾವಾಗಿಯೇ ಹೇಳಿದರು: “ಈಗ ಮನೇಲಿ ಎಲ್ರಿಗೂ ಶುಗರ್ರು ಸಾಬ್ರೇ, ಪಾನಕ ಮಾಡೋದೇ ಬಿಟ್ಬಿಟ್ವಿ.” ನಾವೂ ತಕ್ಷಣ ಹೇಳಿದೆವು: “ನಮ್ಮಲ್ಲೂ ಅದೇ ಗೌಡ್ರೇ, ಭಾಯಿಜಾನ್‌ಗೆ ಜ್ಯೂಸ್ ಬಿಟ್ಟರೆ ಬೇರೆ ಏನೂ ಇಲ್ಲ.” ಇಬ್ಬರೂ ಹೇಳಿದ್ದು ಸುಳ್ಳಲ್ಲ. ಆದರೆ ನಿಜವೂ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಕಾಲ ಕೆಟ್ಟಿದೆ, ಕೊಟ್ಟರೆ ಯಾರು ಏನೆನ್ನುತ್ತಾರೋ, ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂಬ ಅಳುಕನ್ನು ಹೇಳಿಕೊಳ್ಳುವ ಬದಲು ಇಬ್ಬರಿಗೂ ಒಂದು ಗೌರವದ ನೆಪ ಸಿಕ್ಕಿತ್ತು. ಆ ನೆಪದ ಹೆಸರು ಶುಗರ್.

ಜ್ಯೂಸಿನ ಡೋಸಿನ ಮೇಲೆ ನಮ್ಮ ದೊಡ್ಡ ಆಕ್ಷೇಪ ಇದು. ಅದು ಆರೋಗ್ಯವನ್ನು ಅಷ್ಟಾಗಿ ಕೊಡಲಿಲ್ಲ ಎಂಬುದು ಎರಡನೆಯ ಮಾತು. ನಮ್ಮ ಆರೋಗ್ಯ ನಮಗೆ, ನಿಮ್ಮ ಆರೋಗ್ಯ ನಿಮಗೆ ಎಂದು ಪ್ರತಿಯೊಬ್ಬರನ್ನೂ ಅವರವರ ಲೋಟದೊಳಗೆ ಕೂರಿಸಿ, ಬಾಗಿಲು ಹಾಕಿಕೊಳ್ಳುವುದನ್ನು ಸುಲಭ ಮಾಡಿಕೊಟ್ಟಿತು ಎಂಬುದು ಮೊದಲನೆಯದು. ಬಾಗಿಲು ಮುಚ್ಚಿದ್ದು ಬೇರೆ ಶಕ್ತಿಗಳೇ ಇರಬಹುದು. ಚಿಲಕ ಹಾಕಿಕೊಂಡವರು ನಾವೇ.

ಈ ದೇಶದ ಚರಿತ್ರೆಯಲ್ಲಿ ಮರೆಯಲಾಗದ ಎರಡು ಲೋಟ ಹಣ್ಣಿನ ರಸಗಳಿವೆ. 1947ರ ಸೆಪ್ಟೆಂಬರ್ 4ರಂದು ಕಲ್ಕತ್ತೆಯಲ್ಲಿ ಗಲಭೆ ನಿಂತ ಮೇಲೆ ಗಾಂಧೀಜಿ ಉಪವಾಸ ಬಿಟ್ಟಾಗ ಲೋಟ ಕೊಟ್ಟವರು ಸುಹ್ರಾವರ್ದಿ. ದೆಹಲಿಯ ಮುಸ್ಲಿಮರ ರಕ್ಷಣೆಗಾಗಿ 1948ರ ಜನವರಿ 13ರಂದು ಹಿಡಿದ ಕೊನೆಯ ಉಪವಾಸವನ್ನು 18ರಂದು ಬಿಟ್ಟಾಗ ಲೋಟ ಕೊಟ್ಟವರು ಮೌಲಾನಾ ಅಬುಲ್ ಕಲಾಂ ಆಜಾದ್. ಗಾಂಧೀಜಿ ಪ್ರಕೃತಿ ಚಿಕಿತ್ಸೆಯನ್ನು ನಂಬಿದವರು, ಹಣ್ಣಿನ ರಸದ ಗುಣವನ್ನು ಬಲ್ಲವರು. ಆದರೆ ಆ ಎರಡು ಲೋಟಗಳಲ್ಲಿ ಎಷ್ಟು ವಿಟಮಿನ್ ಇತ್ತು ಎಂದು ಯಾರೂ ಕೇಳಲಿಲ್ಲ. ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನೇ ದೇಶ ನೋಡಿತು.

ಮಾಡುವ ಬಗೆ

ಹಾಗಾದರೆ ಮನೆಯಲ್ಲಿ ರಸ ತೆಗೆಯುವುದೇ ಬೇಡವೇ? ಖಂಡಿತ ಬೇಕು. ಆದರೆ ಹಳೆಯವರ ಅಳತೆ ಬೇಕು. ಪಾನಕದ ಪಕ್ಕದಲ್ಲಿ ಸದಾ ಕೋಸಂಬರಿ ಇರುತ್ತಿತ್ತು: ನೆನೆದ ಬೇಳೆ, ಹಸಿ ಸೌತೆಕಾಯಿ, ಕಾಯಿತುರಿ. ಇಫ್ತಾರಿನ ಶರಬತ್ತಿನ ಪಕ್ಕದಲ್ಲಿ ಖರ್ಜೂರವೂ ಹೆಚ್ಚಿದ ಹಣ್ಣೂ ಇರುತ್ತಿದ್ದವು. ನಾರಿನ ಶಾಸ್ತ್ರ ಗೊತ್ತಿಲ್ಲದವರು ನಾರನ್ನು ತಟ್ಟೆಯಿಂದ ಹೊರಹಾಕಿರಲಿಲ್ಲ. ಲೋಟ ಚಿಕ್ಕದಿತ್ತು, ನೀರು ಹೆಚ್ಚಿತ್ತು, ದಿನಗಳೂ ಎಣಿಸಿದಷ್ಟೇ ಇದ್ದವು. ಈಗ ನಮ್ಮ ಇಫ್ತಾರ್ ಮೇಜಿನ ಮೇಲೆ ಕಾಣುವ ನಾಲ್ಕು ಬಣ್ಣದ ಜಗ್ಗುಗಳು, ಅದರ ಜೊತೆಗಿನ ಕರಿದ ತಿಂಡಿಯ ರಾಶಿ ಆ ಅಳತೆಯನ್ನು ಮೀರಿವೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ತಿನ್ನಿರಿ, ಕುಡಿಯಿರಿ, ಮಿತಿ ಮೀರಬೇಡಿ ಎಂಬ ಅರ್ಥದ ಕುರ್‌ಆನಿನ ಎಚ್ಚರಿಕೆ ಜ್ಯೂಸಿನವರಿಗೆ ಹೇಗೋ ಶರಬತ್ತಿನವರಿಗೂ ಹಾಗೆಯೇ.

2023ರ ಮಾರ್ಚ್ 30, ಏಳನೇ ರೋಜಾ, ಮತ್ತೆ ರಾಮನವಮಿ. ಭಾಯಿಜಾನ್ ಅಷ್ಟರಲ್ಲಿ ಮಾತ್ರೆಗೆ ಮರಳಿದ್ದರು. ಭಾಬಿ ಯಂತ್ರವನ್ನು ಅಟ್ಟಕ್ಕೆ ಏರಿಸಿ, ಅಮ್ಮಿಯ ಕೊಳಗವನ್ನು ಹುಣಸೆಹಣ್ಣು ಹಾಕಿ ಬೆಳಗಿದರು. ಅವರು ಮಾಡಿದ್ದು ಹೀಗೆ. ಏಳೆಂಟು ಶರಬತ್ ಹಣ್ಣು ಒಡೆದು ತಿರುಳನ್ನು ಚಮಚದಿಂದ ಕೆರೆದು ತೆಗೆಯಬೇಕು. ಸ್ವಲ್ಪ ಸಕ್ಕರೆ ಹಾಕಿ ಕಾಲು ಗಂಟೆ ಬಿಟ್ಟರೆ ತಿರುಳು ತಾನೇ ನೀರು ಬಿಡುತ್ತದೆ. ಮಿಕ್ಸಿಗೆ ಹಾಕಬಾರದು, ಬೀಜ ಒಡೆದು ರುಚಿ ಕೆಡುತ್ತದೆ. ಸೌಟಿನ ಹಿಂಬದಿಯಿಂದ ಜಾಲರಿಯ ಮೇಲೆ ಉಜ್ಜಿ ರಸ ಇಳಿಸಬೇಕು. ಒಂದು ಹಣ್ಣಿಗೆ ಒಂದು ಲೋಟದಷ್ಟು ತಣ್ಣನೆಯ ನೀರು, ಚಿಟಿಕೆ ಉಪ್ಪು. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಹಾಕದೆ ಅರ್ಧ ಲೋಟ ಬೇರೆ ತೆಗೆದಿಡಬೇಕು. ಬಹಳ ಹೊತ್ತು ಇಡಬಾರದು. ಮೋಸಂಬಿ ರಸ ಇಟ್ಟರೆ ಕಹಿಯಾಗುತ್ತದೆ, ಸೇಬಿನದ್ದು ಕಂದಾಗುತ್ತದೆ, ಯಾವ ತಾಜಾ ರಸವೂ ಕಾಯುವುದಿಲ್ಲ.

“ತಗೊಳ್ತಾರೋ ಇಲ್ವೋ,” ಎಂದೆವು ನಾವು. ಭಾಬಿ ಉತ್ತರ ಕೊಡಲಿಲ್ಲ. ಕೊಳಗದ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಮಗಳ ಕೈಯಲ್ಲಿ ಕಳಿಸಿದರು. ಅರ್ಧ ಗಂಟೆಯ ನಂತರ ಕೊಳಗ ವಾಪಸು ಬಂತು. ಅದರೊಳಗೆ ಪಾನಕವಿರಲಿಲ್ಲ, ಬಾಳೆಲೆಯಲ್ಲಿ ಕಟ್ಟಿದ ಕೋಸಂಬರಿ ಇತ್ತು. ಗೌಡರ ಸೊಸೆ ಹೇಳಿ ಕಳಿಸಿದ್ದರಂತೆ: “ಪೂಜೆಗಿಡೋಕ್ ಮುಂಚೆ ತೆಗೆದಿದ್ದು ಅಂತ ಹೇಳಮ್ಮ.” ಆ ಮಾತು ಸತ್ತುಹೋದ ಅತ್ತೆಯಿಂದ ಸೊಸೆಗೆ ಬಂದಿತ್ತು. ನಿಂತದ್ದು ಲೋಟವಷ್ಟೇ, ಮಾತು ನಿಂತಿರಲಿಲ್ಲ.

ಪಂಚಾಂಗದ ಲೆಕ್ಕದಲ್ಲಿ ಚೈತ್ರವೂ ರಂಜಾನೂ ಇನ್ನು ಕೂಡುವುದು 2050ರ ದಶಕದಲ್ಲಿ. ಆಗ ನಾವು ಇರುತ್ತೇವೋ ಇಲ್ಲವೋ. ಇದ್ದರೂ ಹಲ್ಲಿಲ್ಲದ ಮುದುಕರಾಗಿರುತ್ತೇವೆ, ರಸ ಕುಡಿಯುವ ನಿಜವಾದ ಹಕ್ಕು ಆಗ ನಮಗೆ ಬಂದಿರುತ್ತದೆ. ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ಗೆಂಡೆಹಳ್ಳಿಯ ಬೇಲಿಯ ಮೇಲಿನ ಆ ಬಳ್ಳಿ ಪಂಚಾಂಗ ನೋಡಿ ಹಣ್ಣು ಬಿಡುವುದಿಲ್ಲ. ಬಳ್ಳಿಯ ಬುಡ ಒಬ್ಬರ ತೋಟದಲ್ಲಿರುತ್ತದೆ, ಹಣ್ಣು ಮಾತ್ರ ಬೇಲಿಯ ಎರಡೂ ಕಡೆ ಬೀಳುತ್ತದೆ.